ಮೂವತ್ತೊಂದನೇ ನಂಬರಿನ ಬಾಗಿಲು

ನಮ್ಮ ಊರಿನಲ್ಲಿ ಮೊದಲ ಸಲ ಓಟು ಹಾಕುವವರು ಹೆಸರು ಸೇರಿಸಲು ಚುನಾವಣಾ ಕಚೇರಿಗೆ ಹೋಗುವಂತಿಲ್ಲ. ಹೋಗಬಾರದೆಂದು ಯಾರೂ ತಡೆಯುವುದಿಲ್ಲ. ಹೋದರೆ ಕಚೇರಿಯ ಬಾಗಿಲು ತೆರೆಯುವುದಿಲ್ಲ, ಅಷ್ಟೆ. ಆ ಬಾಗಿಲಿಗೆ ಹಿಂದೆ ಓಟು ಹಾಕಿದವರ ತಟ್ಟು ಮಾತ್ರ ಗೊತ್ತು. ಒಳಗೆ ಕೂತ ಗುಮಾಸ್ತರು ಎದ್ದು ಬಂದು ತೆರೆಯಬಹುದು; ಅವರು ಏಳುವುದಿಲ್ಲ. ಆದ್ದರಿಂದ ಹದಿನೆಂಟು ತುಂಬಿದವರೆಲ್ಲ ಅರ್ಜಿಯನ್ನು ಅಂಚೆಯಲ್ಲೇ ಕಳಿಸಬೇಕು, ಅಂಚೆಯಲ್ಲಿ ಕಳಿಸಿದವರು ತಮ್ಮ ಗುರುತು ತೋರಿಸಬೇಕು. ಗುರುತು ಅಂದರೆ ನಮ್ಮಲ್ಲಿ ಬಾಗಿಲು.

ಬೀಗ, ಬೀಗದಕೈ ನಮ್ಮೂರಲ್ಲಿ ಯಾರೂ ಇಟ್ಟುಕೊಂಡಿಲ್ಲ. ಮನೆಯವರು ತಟ್ಟಿದರೆ ಬಾಗಿಲು ತಾನೇ ತೆರೆಯುತ್ತದೆ, ಬೇರೆಯವರು ತಟ್ಟಿದರೆ ಒಳಗಿನವರು ಎದ್ದು ಬರಬೇಕು. ಅರ್ಜಿ ತಲುಪಿದ ಮೇಲೆ ಪೋಸ್ಟ್‌ಮ್ಯಾನ್ ಮನೆಗೆ ಬಂದು ಒಳಗೆ ಕೂರುತ್ತಾರೆ, ಅರ್ಜಿ ಹಾಕಿದವರು ಹೊರಗೆ ನಿಂತು ತಟ್ಟುತ್ತಾರೆ. ಬಾಗಿಲು ತೆರೆದರೆ ಸೀಲು, ತೆರೆಯದಿದ್ದರೆ ಇಲ್ಲ. ಬಹಳ ಮನೆಗಳಲ್ಲಿ ಇದು ಎರಡು ನಿಮಿಷದ ಕೆಲಸ, ಪೋಸ್ಟ್‌ಮ್ಯಾನ್ ಕಾಫಿ ಕುಡಿಯುವುದಕ್ಕೇ ಹೆಚ್ಚು ಹೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಇಪ್ಪತ್ತೆರಡು ದಿನ ಹಿಡಿಯಿತು.

ನನ್ನ ಮಗಳು ರುಕ್ಮಿಣಿಗೆ ಓಟಿನ ಹುಚ್ಚು ಹಿಡಿದದ್ದು ನಲ್ಲಿಯಿಂದ. ನಮ್ಮ ಬೀದಿಯ ನಡುವೆ ಒಂದು ನಲ್ಲಿ ಇತ್ತು. ಆರನೇ ವಾರ್ಡಿನ ಮೆಂಬರ್ ಕೆಂಪರಾಜು ಗೆದ್ದ ಮೂರನೇ ತಿಂಗಳಿಗೆ ಅದನ್ನು ಕೀಳಿಸಿ ಬೀದಿಯ ತುದಿಯಲ್ಲಿ ತನ್ನ ಮನೆಯ ಮುಂದೆ ಹಾಕಿಸಿಕೊಂಡ. ನೀರು ಬರುವುದು ಸಂಜೆ ನಾಲ್ಕರಿಂದ ಆರರವರೆಗೆ. ಆ ಹೊತ್ತಿಗೆ ನಾನು ಕೆಲಸದಲ್ಲಿರುತ್ತೇನೆ. ಬೆಳಿಗ್ಗೆ ಆರರಿಂದ ಎರಡರವರೆಗೆ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪ್ಯಾಕಿಂಗು, ಅಲ್ಲಿಂದ ಸೀದಾ ಮದುವೆ ಛತ್ರಕ್ಕೆ ಹೋಗಿ ರಾತ್ರಿ ಎಂಟರವರೆಗೆ ಪಾತ್ರೆ. ಹಾಗಾಗಿ ರುಕ್ಕು ಹದಿನಾಲ್ಕನೇ ವಯಸ್ಸಿನಿಂದ ದಿನಕ್ಕೆ ಎಂಟು ಬಿಂದಿಗೆ ನೀರನ್ನು ಅಷ್ಟು ದೂರದಿಂದ ಹೊತ್ತಿದ್ದಾಳೆ, ಬಿಂದಿಗೆಗೊಂದು ಬೈಗುಳದಂತೆ. "ನಂಗೆ ಹದಿನೆಂಟಾಗ್ಲಿ, ಇವನಿಗೆ ತೋರಿಸ್ತೀನಿ" ಅನ್ನುತ್ತಿದ್ದಳು. ಕೊನೆಗೆ ಆ ಚುನಾವಣೆಯಲ್ಲೂ ಕೆಂಪರಾಜುವೇ ಗೆದ್ದ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಅದಕ್ಕಾಗಿ ನೀವು ಕಾಯುವುದು ಬೇಡ. ಹಿಂದಿನ ಸಲ ಹನ್ನೆರಡು ಮತಗಳಿಂದ ಗೆದ್ದಿದ್ದ, ಈ ಸಲ ಹನ್ನೊಂದರಿಂದ. ಕಡಿಮೆಯಾದ ಆ ಒಂದರ ಕಥೆ ಇದು.

ಅರ್ಜಿಯ ಹಿಂಬದಿಯಲ್ಲಿ ಸೂಚನೆಗಳಿದ್ದವು. ರುಕ್ಕು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಜೋರಾಗಿ ಓದಿದಳು. ಅಂಚೆಯ ಮೂಲಕ ಮೊದಲ ಬಾರಿಗೆ ನೋಂದಾಯಿಸಿಕೊಳ್ಳುವವರು ತಾವು ವಾಸಿಸುವ ಮನೆಯ ಬಾಗಿಲನ್ನು ಗುರುತಾಗಿ ಒದಗಿಸತಕ್ಕದ್ದು. ಕಿಟಕಿ, ಗೇಟು ಮತ್ತು ಬೀರುವಿನ ಬಾಗಿಲುಗಳನ್ನು ಒಪ್ಪಲಾಗುವುದಿಲ್ಲ. ಭಾವಚಿತ್ರ, ಶಾಲೆಯ ಪ್ರಮಾಣಪತ್ರ, ಜಾತಕ ಮುಂತಾದವನ್ನು ಲಗತ್ತಿಸಬಾರದು. ಲಗತ್ತಿಸಿದಲ್ಲಿ ಅರ್ಜಿದಾರರ ಮೇಲೆ ಅನುಮಾನ ಪಡಲಾಗುವುದು. ನೋಂದಣಿಗಾಗಿ ಹೆತ್ತವರ ಹೇಳಿಕೆಯನ್ನು ಪರಿಗಣಿಸಲಾಗುವುದಿಲ್ಲ.

"ಹೆತ್ತವರ ಹೇಳಿಕೆ ಯಾಕ್ ಬೇಡ್ವಂತೆ?" ಅಂದೆ.

"ನಿಮ್ಮನ್ನ ನಂಬಲ್ಲ ಅಂತ," ಅಂದಳು ರುಕ್ಕು. ಅಂಟಿನ ಬದಲು ಅನ್ನದ ಅಗುಳು ಹಚ್ಚಿ ಲಕೋಟೆ ಮುಚ್ಚಿದಳು.

ಪೋಸ್ಟ್‌ಮ್ಯಾನ್ ಜವರಪ್ಪ ಬಂದ ದಿನ ನಾನು ಅರ್ಧ ದಿನ ರಜೆ ಹಾಕಿದ್ದೆ. ಅವರು ಚಾಪೆಯ ಮೇಲೆ ಕೂತು, ಚೀಲದಿಂದ ಸೀಲು, ಇಂಕಿನ ಡಬ್ಬಿ ತೆಗೆದು ಮುಂದಿಟ್ಟುಕೊಂಡು, "ಹೂಂ, ಹೊರಗೋಗವ್ವ. ದಿನಾ ಹೆಂಗ್ ತಟ್ತೀಯೋ ಹಂಗೇ ತಟ್ಟು, ಭಯ ಬೀಳ್ಬೇಡ," ಅಂದರು. ರುಕ್ಕು ಹೊರಗೆ ಹೋಗಿ ಬಾಗಿಲು ಎಳೆದುಕೊಂಡು ತಟ್ಟಿದಳು. ಬಾಗಿಲು ಅಲ್ಲಾಡಲಿಲ್ಲ. ಜವರಪ್ಪ ಇನ್ನೊಂದು ಸಲ ಅಂದರು. ಮತ್ತೊಂದು ಸಲ ಅಂದರು. ಆಮೇಲೆ ಸೀಲನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದರು.

"ಇದು ನಿನ್ ಮಗಳೇ ತಾನೆ ಚಿಕ್ಕತಾಯಮ್ಮ?"

"ಇನ್ಯಾರ್ ಮಗಳು? ನಂದೇ."

"ಅಲ್ಲ, ನೀನ್ ಹೇಳಿದ್ರೆ ನಡಿಯಲ್ಲ ಅನ್ನು. ಸುಮ್ನೆ ಕೇಳ್ದೆ."

ಬಾಗಿಲಿಗೆ ಒಬ್ಬರ ತಟ್ಟು ಹತ್ತುವುದು ಸುಮ್ಮನೆ ಅಲ್ಲ. ಹೊರಗಿಂದ ಮಗು ತಟ್ಟಬೇಕು, ಬಾಗಿಲಿಗೆ ಆಗಲೇ ಗೊತ್ತಿರುವ ಒಬ್ಬರು ಒಳಗಿಂದ "ಯಾರು?" ಅನ್ನಬೇಕು, ಮಗು "ನಾನು" ಅನ್ನಬೇಕು, ಒಳಗಿನವರು ಬಂದು ತೆರೆಯಬೇಕು. ದಿನಕ್ಕೊಂದು ಸಲದಂತೆ ಒಂಬತ್ತು ದಿನ. ಆಟಕ್ಕೆ ಅಂತ ಹೊರಗೆ ಹೋಗಿ ನಿಂತು ತಟ್ಟಿದರೂ ಲೆಕ್ಕಕ್ಕಿಲ್ಲ, ನಿಜಕ್ಕೂ ಎಲ್ಲಿಂದಲೋ ಮನೆಗೆ ಬಂದಿರಬೇಕು. ಊರಿನ ಮಕ್ಕಳೆಲ್ಲ ಒಂದನೇ ಕ್ಲಾಸು ಮುಗಿಯುವುದರೊಳಗೆ ಇದನ್ನು ಮುಗಿಸಿಕೊಂಡಿರುತ್ತವೆ. ರುಕ್ಕುವಿನ ಅಪ್ಪ ತೀರಿಕೊಂಡಾಗ ಅವಳಿಗೆ ಮೂರು ವರ್ಷ. ಅವಳು ಶಾಲೆಯಿಂದ ಬರುವ ಹೊತ್ತಿಗೆ "ಯಾರು?" ಅನ್ನುವುದಕ್ಕೆ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಅದಕ್ಕೆ ನಾನು ಹೊರಡುವಾಗ ಬಾಗಿಲ ಸಂದಿಗೆ ಒಂದು ಇಟ್ಟಿಗೆ ಇಟ್ಟು ಹೋಗುತ್ತಿದ್ದೆ. ಅವಳು ದೂಡಿಕೊಂಡು ಒಳಗೆ ಬರುತ್ತಿದ್ದಳು. ಕದಿಯುವಂಥದ್ದು ಮನೆಯಲ್ಲಿ ಏನೂ ಇರಲಿಲ್ಲ. ಮಗು ಹೊರಗೆ ಕಾಯದೆ ಒಳಗೆ ಬರಲಿ ಎಂದು ನಾನು ಮಾಡಿದ ಏರ್ಪಾಟು ಅದು, ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಹೊರಗಿದ್ದ ರುಕ್ಕು ಒಳಗೆ ಬರಲಿಲ್ಲ. ಸಿಟ್ಟಿನಿಂದ ಸೀದಾ ಬೀದಿ ದಾಟಿ ಎದುರುಮನೆಯ ಬಾಗಿಲಿಗೆ ಬೆರಳಿನ ಗಂಟು ತಾಗಿಸಿದಳು. ತಾಗಿಸಿದಳು ಅಷ್ಟೆ, ಪೂರ್ತಿ ತಟ್ಟಲೂ ಇಲ್ಲ, ಆ ಬಾಗಿಲು ಪಟ್ಟನೆ ತೆರೆದುಕೊಂಡಿತು.

ಅದು ಸಿದ್ದಗಂಗಮ್ಮನ ಮನೆ. ಸಿದ್ದಗಂಗಮ್ಮ ನನಗಿಂತ ಹತ್ತು ವರ್ಷ ದೊಡ್ಡವಳು, ಒಬ್ಬಳೇ ಇರುತ್ತಾಳೆ, ಹಪ್ಪಳ ಮಾಡಿ ಅಂಗಡಿಗಳಿಗೆ ಕೊಡುತ್ತಾಳೆ. ನಾಲ್ಕು ವರ್ಷದಿಂದ ನಾವಿಬ್ಬರೂ ಮಾತಾಡಿರಲಿಲ್ಲ. ಬೀದಿಯ ಆ ಸಾಲು ಏಳನೇ ವಾರ್ಡು; ನಮ್ಮ ನಲ್ಲಿ ಹೋದ ಮೇಲೆ ಅವರ ಮೆಂಬರ್ ಅವರಿಗೆ ಬೇರೆ ನಲ್ಲಿ ಹಾಕಿಸಿಕೊಟ್ಟ. ನಾನು ಒಂದು ಬಿಂದಿಗೆ ಹಿಡಿದುಕೊಂಡು ಹೋಗಿದ್ದಕ್ಕೆ ಇವಳು ಸೊಂಟದ ಮೇಲೆ ಕೈ ಇಟ್ಟುಕೊಂಡು, "ನಿಮ್ಮ ವಾರ್ಡು ಬೇರೆ" ಅಂದಿದ್ದಳು. ಅವತ್ತೇ ಕೊನೆ. ಈಗ ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ರುಕ್ಕುವನ್ನೂ, ನಮ್ಮ ಹೊಸ್ತಿಲಿಗೆ ಬಂದು ನಿಂತ ಜವರಪ್ಪನವರನ್ನೂ ನೋಡಿದಳು. ನನ್ನನ್ನು ನೋಡಲಿಲ್ಲ.

"ಈ ಬಾಗಿಲಿಗೆ ಎಷ್ಟ್ ದಿನದಿಂದ ಗೊತ್ತು ನೀನು?" ಎಂದು ನಾನು ರುಕ್ಕುವನ್ನು ಕೇಳಿದೆ. ಉತ್ತರ ಸಿದ್ದಗಂಗಮ್ಮ ಕೊಟ್ಟಳು, ಅದೂ ಜವರಪ್ಪನವರಿಗೆ. "ಸ್ವಾಮಿ, ಮಗು ಒಂದನೇ ಕ್ಲಾಸಿಂದ ಇಲ್ಲೇ ಉಂಡಿದ್ದು ಅಂತ ಹೇಳಿ ಆಯಮ್ಮಂಗೆ."

"ಮತ್ತೆ ನಾನ್ ಮುಚ್ಚಿಟ್ಟು ಹೋಗ್ತಿದ್ ಅನ್ನ? ಸಂಜೆಗೆ ಖಾಲಿ ಆಗಿರ್ತಿತ್ತಲ್ಲೇ?"

"ನಾಯಿಗ್ ಹಾಕ್ತಿದ್ದೆ," ಅಂದಳು ರುಕ್ಕು. "ತಣ್ಣಗಿರ್ತಿತ್ತಮ್ಮ."

ಜವರಪ್ಪ ಗಂಟಲು ಸರಿಮಾಡಿಕೊಂಡು, ಸೀಲನ್ನು ಇಲ್ಲೇ ಒತ್ತಬಹುದು, ಬಾಗಿಲು ಬಾಗಿಲೇ ತಾನೆ, ಹುಡುಗಿಯ ಹೆಸರು ಏಳನೇ ವಾರ್ಡಿಗೆ ಸೇರುತ್ತದೆ ಅಷ್ಟೆ ಅಂದರು. ರುಕ್ಕು ಆಗುವುದೇ ಇಲ್ಲ ಎಂದು ತಲೆಯಾಡಿಸಿದಳು. "ಏಳನೇ ವಾರ್ಡಲ್ಲಿ ಓಟ್ ಹಾಕಿ ನಾನೇ‌ನ್ ಮಾಡ್ಲಿ? ಅಲ್ಲಿ ನಲ್ಲಿ ಕದ್ದೋರ್ ಯಾರೂ ನಿಂತಿಲ್ಲ."

ಮರುದಿನ ನಾನು ಚುನಾವಣಾ ಕಚೇರಿಗೆ ಹೋದೆ. ನಾನು ಐದು ಸಲ ಓಟು ಹಾಕಿದವಳು, ಬಾಗಿಲು ತೆರೆಯಿತು. ಒಳಗೆ ನರಹರಿ ಎಂಬ ಗುಮಾಸ್ತರು ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತು ನೆಲಗಡಲೆ ಬಿಡಿಸುತ್ತಿದ್ದರು.

"ನನ್ ಮಗಳು ಸ್ವಾಮಿ. ನಾನೇ ಹೆತ್ತಿದ್ದು," ಅಂದೆ.

"ಎಲ್ರೂ ಹಂಗೇ ಹೇಳೋದು."

"ಹಂಗಾದ್ರೆ ಬಾಗಿಲು ಹೇಳಿದ್ದು ಮಾತ್ರ ನಿಜಾನಾ?"

"ಬಾಗಿಲಿಗೆ ಓಟಿಲ್ಲ ನೋಡಿ. ಸುಳ್ ಹೇಳಿ ಅದಕ್ಕೇನಾಗ್ಬೇಕು?" ಅಂದರು. ಆಮೇಲೆ ಕ್ಯಾಲೆಂಡರು ನೋಡಿ, "ಇನ್ನೂ ಇಪ್ಪತ್ತೆರಡು ದಿನ ಇದೆಯಲ್ಲ. ಒಂಬತ್ತು ದಿನ ಸಾಕು. ಮನೇಲಿ ಕೂತ್ಕೊಳಿ, ಮಗಳು ಬಂದು ತಟ್ಲಿ, ಯಾರು ಅನ್ನಿ, ತೆಗೀರಿ. ರಾತ್ರಿ ಮಾತ್ರ ಅವಳು ನಿಮ್ಮನೇಲೇ ಮಲಗ್ಬೇಕು. ಬೇರೆ ಕಡೆ ಮಲಗಿ ಬೆಳಿಗ್ಗೆ ಬಂದು ತಟ್ಟಿದ್ರೆ ನೆಂಟರು ಅಂತ ಆಗುತ್ತೆ. ಇಷ್ಟೇ. ಮನೇಲಿ ಕೂರೋದೇನ್ ದೊಡ್ ಕೆಲಸ?"

ಅವರಿಗೆ ಏನೆಂದು ಹೇಳುವುದು? ಇಡೀ ದಿನ ರಜೆ ಹಾಕಿದರೆ ಕಾರ್ಖಾನೆಯವರು ನನ್ನ ಜಾಗದಲ್ಲಿ ಬೇರೆಯವಳನ್ನು ನಿಲ್ಲಿಸುತ್ತಾರೆ. ಹಾಗಾಗಿ ಉಳಿದದ್ದು ರಾತ್ರಿ ಎಂಟರ ಮೇಲಿನ ಹೊತ್ತು. ರುಕ್ಕು ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿಯುವ ಕೆಲಸ ಮುಗಿಸಿ, ನೀರು ಹಿಡಿದು ಬಾಗಿಲ ಹೊರಗೇ ಇಟ್ಟು ಎದುರುಮನೆಯಲ್ಲಿ ಕಾಯುವುದು, ನಾನು ಬಂದು ಒಳಗೆ ಕೂತ ಮೇಲೆ ಬಂದು ತಟ್ಟುವುದು ಎಂದು ಮಾತಾಯಿತು. ಮೊದಲನೇ ದಿನ ನಾನು ಛತ್ರದಿಂದ ಬಂದು ಬಾಗಿಲಿಗೆ ಎದುರಾಗಿ ಗೋಡೆಗೆ ಒರಗಿ ಕೂತೆ. ಕೂತದ್ದಷ್ಟೇ ನೆನಪು. ಎಚ್ಚರವಾದಾಗ ಅಕ್ಕಪಕ್ಕದವರೆಲ್ಲ ಕಿಟಕಿಯಲ್ಲಿ ನಿಂತು ನಾನು ಸತ್ತಿದ್ದೇನೆಯೋ ಬದುಕಿದ್ದೇನೆಯೋ ಎಂದು ಚರ್ಚೆ ಮಾಡುತ್ತಿದ್ದರು. ಎರಡನೇ ದಿನ ನಿದ್ದೆ ಬರಬಾರದೆಂದು ನಿಂತೇ ಇದ್ದೆ, ನಿಂತೇ ನಿದ್ದೆ ಹೋದೆ. ಮೂರನೇ ದಿನ ರುಕ್ಕು ಕಿಟಕಿಯ ಸರಳಿನ ಸಂದಿಯಿಂದ ಪೊರಕೆ ಕಡ್ಡಿ ತೂರಿಸಿ ನನ್ನ ಕಿವಿಗೆ ಚುಚ್ಚಿದಳು. ನಾನು ಬೆಚ್ಚಿಬಿದ್ದು "ಯಾರು?" ಅನ್ನುವ ಬದಲು, "ಬಂದೆ ಸಾರ್, ಇನ್ನೆರಡೇ ಹಂಡೆ!" ಎಂದು ಕೂಗಿ ಬಾಗಿಲು ತೆರೆದೆ.

"ಅಮ್ಮ, ನಿನ್ ಕೈಲಾಗಲ್ಲ ಬಿಡು," ಅಂದಳು ರುಕ್ಕು. ಅವಳಿಗೆ ನಗುವೂ ಬಂದಿತ್ತು, ಅಳುವೂ ಬಂದಿತ್ತು. ಹತ್ತೊಂಬತ್ತು ದಿನ ಉಳಿದಿದ್ದವು.

ಸಿದ್ದಗಂಗಮ್ಮನನ್ನು ನಮ್ಮ ಮನೆಯೊಳಗೆ ಕೂರಿಸುವ ಉಪಾಯ ರುಕ್ಕುವಿನದೇ. ಸಂಜೆ ರುಕ್ಕು ಕೆಲಸದಿಂದ ಬಂದಾಗ ಸಿದ್ದಗಂಗಮ್ಮ ಒಳಗಿಂದ "ಯಾರು?" ಅಂದರೆ ಆಯಿತು. ಆದರೆ ಅದಕ್ಕೆ ಮೊದಲು ನಮ್ಮ ಬಾಗಿಲಿಗೆ ಸಿದ್ದಗಂಗಮ್ಮ ಗೊತ್ತಿರಬೇಕು, ನೆಂಟರ ಲೆಕ್ಕದಲ್ಲಾದರೂ ಸಾಕು. ಅಂದರೆ ಒಂಬತ್ತು ದಿನ ಅವಳು ಬಂದು ತಟ್ಟಬೇಕು, ನಾನು ತೆರೆಯಬೇಕು. ಆಮೇಲೆ ಒಂಬತ್ತು ದಿನ ರುಕ್ಕು ತಟ್ಟಬೇಕು, ಅವಳು ತೆರೆಯಬೇಕು. ಹದಿನೆಂಟು. ಹತ್ತೊಂಬತ್ತನೇ ದಿನ ಜವರಪ್ಪ. ಒಂದು ದಿನವೂ ತಪ್ಪುವಂತಿರಲಿಲ್ಲ. ಸಿದ್ದಗಂಗಮ್ಮನಿಂದ ರುಕ್ಕುವಿನ ಮೂಲಕ ಒಪ್ಪಿಗೆ ಬಂತು. ಜೊತೆಗೆ, ಇದು ಮಗುವಿನ ಮುಖ ನೋಡಿ, ಬೇರೆ ಯಾರ ಮುಖವನ್ನೂ ನೋಡಿ ಅಲ್ಲ, ಎಂಬ ಮಾತೂ ಬಂತು.

ಬೆಳಿಗ್ಗೆ ಐದೂಕಾಲಿಗೆ ನಾನು ಕೆಲಸಕ್ಕೆ ಹೊರಡುವ ಮುಂಚೆ ಬಾಗಿಲು ತಟ್ಟಿದ ಸದ್ದಾಯಿತು.

"ಯಾರು?" ಅಂದೆ.

ಮತ್ತೆ ತಟ್ಟಿದ ಸದ್ದು.

"ಯಾರು?"

"ಯಾರು ಅಂತ ಗೊತ್ತಿದ್ದೂ ಕೇಳ್ತಾಳಲ್ಲ! ರುಕ್ಕೂ, ಇವಳ ಕೊಬ್ಬು ನೋಡು!"

"ದೊಡ್ಡಮ್ಮ, ನಾನು ಅಂತ ಅಷ್ಟೇ ಅನ್ನು," ಎಂದು ರುಕ್ಕು ಹೊದಿಕೆಯೊಳಗಿಂದ ಕೂಗಿದಳು. "ಬೇರೇನೂ ಅನ್ಬೇಡ, ಲೆಕ್ಕ ತಪ್ಪುತ್ತೆ."

"ನಾಲ್ಕು ವರ್ಷ ಆದ್ಮೇಲೆ ಮೊದಲ್ನೇ ಮಾತು ನಾನಾ ಆಡ್ಬೇಕು?"

"ಮೊದಲು ಆಡಿದ್ದು ನಾನು. ಯಾರು ಅಂದೆನಲ್ಲ," ಅಂದೆ ನಾನು ಬಾಗಿಲಿಗೆ.

"ಅದು ಮಾತಲ್ಲ, ಪ್ರಶ್ನೆ."

"ನಂಗೆ ಆರಕ್ಕೆ ಡ್ಯೂಟಿ ಇದೆ ಕಣಮ್ಮ!"

"ನಾನು!" ಎಂದು ಹೊರಗಿನಿಂದ ಬಂತು, ಬೈದ ಹಾಗೆ. ತೆರೆದೆ. ಸಿದ್ದಗಂಗಮ್ಮ ಒಂದು ಕಾಲು ಒಳಗಿಟ್ಟು, ಸೂರನ್ನೊಮ್ಮೆ ನೋಡಿ, ಒಂದು ಮಾತೂ ಆಡದೆ ವಾಪಸು ಹೋದಳು.

ಎರಡನೇ ದಿನವೂ ಹಾಗೇ ಆಯಿತು. ಮೂರನೇ ದಿನ ಅವಳು ಒಳಗೆ ಬಂದು ಸೂರಿನ ಜೇಡರಬಲೆಯ ಬಗ್ಗೆ ರುಕ್ಕುವಿಗೆ ಹೇಳಿದಳು. ನಾಲ್ಕನೇ ದಿನ ನಾನು ಕುಡಿಯುತ್ತಿದ್ದ ಕಾಫಿಯನ್ನು ನೋಡಿ, "ಇದನ್ನ ಕಾಫಿ ಅಂತಾರಾ ನಿಮ್ಮ ವಾರ್ಡಲ್ಲಿ?" ಅಂದಳು. ಅದು ನನಗೇ ಹೇಳಿದ್ದು. ಆರನೇ ದಿನ ನಾನು "ಯಾರು?" ಅಂದಾಗ, "ನಾನು. ನೀರು ಕೊಡದೆ ಇದ್ದೋಳು," ಅಂದಳು. ತೆರೆದರೆ ತಲೆ ತಗ್ಗಿಸಿ ನಿಂತಿದ್ದಳು. "ಅವತ್ತು ನಮ್ಮ ಮೆಂಬರ್ರು ಅಲ್ಲೇ ನಿಂತಿದ್ದ ಕಣೆ. ಬೇರೆ ವಾರ್ಡಿಗೆ ಕೊಟ್ರೆ ನಲ್ಲಿ ಕಿತ್ಕೊಂಡ್ ಹೋಗ್ತೀನಿ ಅಂದಿದ್ದ." "ಮಾರನೇ ದಿನ ಹೇಳ್ಬಹುದಿತ್ತಲ್ಲ," ಅಂದೆ. "ಮಾರನೇ ದಿನ ನೀನ್ ಮನೇಲಿದ್ಯಾ?" ಅಂದಳು. ನಾನು ಚಪ್ಪಲಿ ಮೆಟ್ಟಿಕೊಂಡೆ. ಆ ಹೆಚ್ಚಿನ ಮಾತಿನಿಂದ ಲೆಕ್ಕ ತಪ್ಪಿತೇನೋ ಎಂದು ನಾವು ಮೂವರೂ ಹೆದರಿದ್ದೆವು, ಆದರೆ ಹತ್ತನೇ ದಿನ ಅವಳು ತಟ್ಟಿದಾಗ ಬಾಗಿಲು ತಾನೇ ತೆರೆಯಿತು. ಸಿದ್ದಗಂಗಮ್ಮ ಗೆದ್ದವಳ ಹಾಗೆ ಒಳಗೆ ಬಂದು ಜೇಡರಬಲೆ ಹೊಡೆದಳು.

ಆ ಮೇಲಿನ ಒಂಬತ್ತು ಸಂಜೆಗಳು ನನಗೆ ಗೊತ್ತಿಲ್ಲ. ನಾನು ಛತ್ರದಲ್ಲಿದ್ದೆ. ನಾನು ಬರುವ ಹೊತ್ತಿಗೆ ಇಬ್ಬರೂ ಊಟ ಮುಗಿಸಿ ನಮ್ಮ ಮನೆಯಲ್ಲೇ ಕೂತು ಯಾವುದೋ ವಿಷಯಕ್ಕೆ ನಗುತ್ತಿರುತ್ತಿದ್ದರು, ನಾನು ಬಂದ ಕೂಡಲೇ ನಿಲ್ಲಿಸುತ್ತಿದ್ದರು. ನನ್ನ ತಟ್ಟೆಯಲ್ಲಿ ಬಿಸಿ ಅನ್ನ ಇರುತ್ತಿತ್ತು. ಅದನ್ನು ಉಣ್ಣುತ್ತ ಯಾಕೋ ನಾನು ನಾಯಿಯನ್ನು ನೆನೆಸಿಕೊಳ್ಳುತ್ತಿದ್ದೆ.

ಹತ್ತೊಂಬತ್ತನೇ ದಿನ ಜವರಪ್ಪ ಮತ್ತೆ ಚಾಪೆಯ ಮೇಲೆ ಕೂತರು. ನಾನು ಒಂದು ಗೋಡೆಗೆ, ಸಿದ್ದಗಂಗಮ್ಮ ಇನ್ನೊಂದು ಗೋಡೆಗೆ. ರುಕ್ಕು ಹೊರಗಿಂದ ತಟ್ಟಿದಳು. ಬಾಗಿಲು ಸ್ವಲ್ಪ ಯೋಚಿಸಿದ ಹಾಗೆ ಮಾಡಿ, ಆಮೇಲೆ ಪೂರ್ತಿ ಗೋಡೆಗೆ ಬಡಿಯುವಷ್ಟು ಜೋರಾಗಿ ತೆರೆದುಕೊಂಡಿತು. ಸಿದ್ದಗಂಗಮ್ಮ ಕೂಗಿಯೇಬಿಟ್ಟಳು. ಜವರಪ್ಪ ಸೀಲು ಒತ್ತಿ, ಫಾರಂ ತಿರುವಿ, ಪೆನ್ನು ತೆಗೆದರು.

"ಬಾಗಿಲಿಗೆ ಪರಿಚಯ ಮಾಡಿಸಿದವರು ಅಂತ ಒಂದು ಕಾಲಂ ಇದೆ. ಒಳಗಿಂದ ಯಾರು ಅಂದೋರು ಯಾರು?"

ರುಕ್ಕು ನನ್ನ ಕಡೆ ನೋಡಿದಳು, ನಾನು ಚಾಪೆಯ ಅಂಚು ನೋಡಿದೆ. ಕೊನೆಗೆ ಸಿದ್ದಗಂಗಮ್ಮ, "ಅವರಮ್ಮನ ಹೆಸರೇ ಬರ್ಕೊಳಿ ಸ್ವಾಮಿ. ಯಾರಾದ್ರೇನು?" ಅಂದಳು.

"ಒಂಬತ್ತು ದಿನದಿಂದ ಇದೇ ಬೀದೀಲಿ ಟಪಾಲ್ ಹಂಚ್ತಾ ಇದ್ದೀನಮ್ಮ. ಒಳಗಿಂದ ಬರ್ತಿದ್ದ ಗಂಟಲು ಯಾರ್ದು ಅಂತ ನಂಗೊತ್ತು. ಸುಳ್ ಬರೆದ್ರೆ ನನ್ ಕೆಲಸ ಹೋಗುತ್ತೆ," ಎಂದು ಜವರಪ್ಪ ನನ್ನ ಕಡೆ ನೋಡಿದರು. "ಇಲ್ಲಾಂದ್ರೆ ಇನ್ನೊಂದು ಒಂಬತ್ತು ದಿನ ನೀನೇ ಕೂತ್ಕೊಬೇಕು ಚಿಕ್ಕತಾಯಮ್ಮ. ಕಡೇ ದಿನ ಇವತ್ತು."

"ಬರ್ಕೊಳಿ," ಅಂದೆ. ಒಂದು ಕಾಲಂ ತಾನೆ.

ಹದಿನೈದು ದಿನದ ಮೇಲೆ ರೇಷನ್ ಅಂಗಡಿಯ ಗೋಡೆಗೆ ಮತದಾರರ ಪಟ್ಟಿ ಅಂಟಿಸಿದರು. ಮೂವತ್ತೊಂದನೇ ನಂಬರಿನ ಮನೆಯಲ್ಲಿ ಮೊದಲು ನನ್ನ ಹೆಸರು. ಅದರ ಕೆಳಗೆ ರುಕ್ಮಿಣಿ, ವಯಸ್ಸು ಹದಿನೆಂಟು, ತಾಯಿ ಸಿದ್ದಗಂಗಮ್ಮ. ನಾನು ಮೂರು ಸಲ ಓದಿದೆ. ಹಿಂದೆ ನಿಂತಿದ್ದವರು ಸೀಮೆಎಣ್ಣೆಯ ಸಾಲು ಮುಂದೆ ಹೋಗಲಿ ಎಂದು ಕೂಗಿದರು.

ಮತ್ತೆ ಕಚೇರಿ, ಮತ್ತೆ ನರಹರಿಯವರು. "ಒಳಗಿಂದ ಯಾರು ಅಂದೋರೇ ತಾಯಿ ಅಂತ ನಮ್ಮ ಲೆಕ್ಕ," ಅಂದರು. "ನೂರಕ್ಕೆ ತೊಂಬತ್ತೊಂಬತ್ತು ಮನೇಲಿ ಸರಿಯಾಗೇ ಬರುತ್ತೆ."

"ಸರಿ ಬರದೇ ಇರೋ ಆ ಒಂದು ಮನೆಯೋರು ಏನ್ ಮಾಡ್ಬೇಕು?"

"ಆಕ್ಷೇಪಣೆ ಫಾರಂ ಇದೆಯಲ್ಲ. ತುಂಬಿ ಕೊಡಿ, ಇವತ್ತೇ ತಗೋತೀನಿ. ವಿಚಾರಣೆ ಆಗೋವರೆಗೂ ಹುಡುಗಿ ಹೆಸರು ಪಟ್ಟಿಯಿಂದ ತೆಗೆದಿಡ್ತೀವಿ. ವಿಚಾರಣೆ ನಡಿಯೋದು ಚುನಾವಣೆ ರಿಸಲ್ಟ್ ಬಂದ ಮಾರನೇ ವಾರ."

ಫಾರಂ ಕೈಯಲ್ಲಿ ಹಿಡಿದು ಮನೆಗೆ ಬಂದೆ. ರುಕ್ಕು ಅದನ್ನು ನೋಡಿದಳು, ಏನೆಂದು ಕೇಳಲಿಲ್ಲ, ಅವಳಾಗಲೇ ಪಟ್ಟಿ ಓದಿ ಬಂದಿದ್ದಳು. "ಕೊಡೋದಾದ್ರೆ ಕೊಡು," ಅಂದಳು. "ನೀನ್ ಹೆತ್ತಿದ್ದು ಅಂತ ನಂಗ್ ಗೊತ್ತು, ನಿಂಗೂ ಗೊತ್ತು. ಕೆಂಪರಾಜುಗೆ ನನ್ ಓಟು ಬೀಳಲ್ಲ ಅಂತ ಗೊತ್ತಾಗ್ಬೇಕು, ಅಷ್ಟೇ." ಖಾಲಿ ಬಿಂದಿಗೆಯನ್ನು ಕಾಲಿನಿಂದ ನನ್ನ ಕಡೆ ಸರಿಸಿ, "ಕೊಟ್ರೆ ಮಾತ್ರ ನಾಳೆಯಿಂದ ಎಂಟು ಬಿಂದಿಗೆ ನೀನೇ ಹೊರು," ಅಂದಳು. ನಾನು ಫಾರಂ ಕೊಡಲಿಲ್ಲ.

ಮತದಾನದ ದಿನ ಶಾಲೆಯ ಬಾಗಿಲುಗಳನ್ನು ಕೀಲಿನಿಂದ ಬಿಚ್ಚಿ ಮೈದಾನದಲ್ಲಿ ಮಲಗಿಸುತ್ತಾರೆ, ಯಾವ ಪಕ್ಷಪಾತವೂ ಇರಬಾರದೆಂದು. ನಾನು ಕಾರ್ಖಾನೆಯ ಅರ್ಧ ದಿನದ ರಜೆಯಲ್ಲಿ ಬಂದು ರುಕ್ಕುವಿನ ಹಿಂದೆ ಸಾಲಿನಲ್ಲಿ ನಿಂತೆ. ಅವಳು ತಲೆಗೆ ಎಣ್ಣೆ ಹಚ್ಚಿ, ಮದುವೆಗೆ ಹೋಗುವ ಹಾಗೆ ಹೂ ಮುಡಿದಿದ್ದಳು. ಒಳಗೆ ಮೇಜಿನ ಹಿಂದೆ ಬೇರೆ ಊರಿನಿಂದ ಬಂದ ಒಬ್ಬ ಅಧಿಕಾರಿ, ಪಕ್ಕದಲ್ಲಿ ಕೆಂಪರಾಜುವಿನ ಏಜೆಂಟ್ ಅವನ ಭಾಮೈದ ಮಾದೇಶ. ರುಕ್ಕುವಿನ ಸರದಿ ಬಂದಾಗ ಅಧಿಕಾರಿ ಪಟ್ಟಿಯಲ್ಲಿ ಬೆರಳಿಟ್ಟು ಓದಿದರು. "ರುಕ್ಮಿಣಿ. ಮೂವತ್ತೊಂದು. ತಾಯಿ ಸಿದ್ದಗಂಗಮ್ಮ."

"ಸಾರ್, ನಂದೊಂದು ತಕರಾರು," ಎಂದು ಮಾದೇಶ ಎದ್ದು ನಿಂತ. "ಸಿದ್ದಗಂಗಮ್ಮ ಏಳನೇ ವಾರ್ಡು. ಇವಳು ಅವಳ ಮಗಳಲ್ಲ. ಹಿಂದೆ ನಿಂತಿದ್ದಾರಲ್ಲ ಚಿಕ್ಕತಾಯಮ್ಮ, ಅವರ ಮಗಳು. ಇಡೀ ಊರಿಗೇ ಗೊತ್ತು."

"ಊರಿಗ್ ಗೊತ್ತಿರೋದು ನನಗ್ ಬೇಡ," ಅಂದರು ಅಧಿಕಾರಿ.

"ಅವರನ್ನೇ ಕೇಳಿ ಸಾರ್."

"ಹೆತ್ತವರ ಹೇಳಿಕೆ ನಡಿಯಲ್ಲ ಅಂತ ಫಾರಂನಲ್ಲೇ ಇದೆ!" ಅಂದಳು ರುಕ್ಕು.

"ಹೆಸರು ಸೇರಿಸೋದಕ್ಕೆ ನಡಿಯಲ್ಲಮ್ಮ. ತೆಗೆಯೋದಕ್ಕೆ ನಡಿಯುತ್ತೆ," ಎಂದು ಅಧಿಕಾರಿ ಕನ್ನಡಕ ಮೇಲೆತ್ತಿ ನನ್ನ ಕಡೆ ನೋಡಿದರು. "ಏನಮ್ಮ, ಈ ಹುಡುಗಿ ನಿಮ್ಮ ಮಗಳಾ? ಹೌದು ಅಂದ್ರೆ ಪಟ್ಟೀಲಿರೋದು ತಪ್ಪು ಅಂತಾಯ್ತು, ಹೆಸರು ಹೊಡೆದು ಹಾಕ್ತೀನಿ."

ಸಾಲಿನಲ್ಲಿದ್ದ ಹೆಂಗಸರೆಲ್ಲ ನಮ್ಮ ಬೀದಿಯವರೇ. ರುಕ್ಕು ನನ್ನ ಕಡೆ ತಿರುಗಲಿಲ್ಲ. ಶಾಯಿ ಹಾಕಿಸಿಕೊಳ್ಳಲು ಎಡಗೈಯ ಬೆರಳನ್ನು ಮುಂದೆ ಚಾಚಿದವಳು ಹಾಗೆಯೇ ಹಿಡಿದುಕೊಂಡು ನಿಂತಿದ್ದಳು. ಆ ಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವು.

"ಅಲ್ಲ ಸ್ವಾಮಿ," ಅಂದೆ.

"ಮತ್ತೆ ನೀವ್ ಯಾರು?"

"ಎದುರುಮನೆಯೋಳು."

ಮಾದೇಶ ಹಣೆ ಚಚ್ಚಿಕೊಂಡ. ಅಧಿಕಾರಿ ಪಟ್ಟಿಯಲ್ಲಿ ನನ್ನ ಹೆಸರು ಹುಡುಕಿದರು, ಹುಡುಕುವುದೇನು, ಒಂದು ಸಾಲು ಮೇಲೇ ಇತ್ತು. "ಎದುರುಮನೆ ಅಂತೀರಿ, ಇಬ್ರಿಗೂ ಮನೆ ನಂಬರು ಮೂವತ್ತೊಂದೇ ಇದೆಯಲ್ಲ?"

"ನಾನು ಮನೇಲಿರೋದು ಕಮ್ಮಿ ಸ್ವಾಮಿ," ಅಂದೆ.

ಅವರು ಕನ್ನಡಕ ಕೆಳಗಿಳಿಸಿದರು. ಆಮೇಲೆ ತಕರಾರಿನ ಪುಸ್ತಕ ತೆಗೆದು ಅದನ್ನೇ ಬರೆದುಕೊಂಡರು, ಒಂದು ಅಕ್ಷರ ಬಿಡದೆ, ನನ್ನಿಂದ ಸಹಿ ಹಾಕಿಸಿಕೊಂಡರು. ರುಕ್ಕುವಿನ ಬೆರಳಿಗೆ ಶಾಯಿ ಬಿತ್ತು. ಅವಳು ರಟ್ಟಿನ ಮರೆಗೆ ಹೋಗಿ ಬಹಳ ಹೊತ್ತು ಬರಲೇ ಇಲ್ಲ, ಒಂದು ಠಸ್ಸೆ ಒತ್ತುವುದಕ್ಕೆ ಅಷ್ಟು ಹೊತ್ತು ಯಾಕೆ ಬೇಕೋ. ಆಮೇಲೆ ನಾನೂ ಹಾಕಿ ಹೊರಗೆ ಬಂದೆ.

ಅವಳು ಮೈದಾನದಲ್ಲಿ ಮಲಗಿಸಿದ ಬಾಗಿಲುಗಳ ಪಕ್ಕ ನಿಂತು ಬೆರಳನ್ನು ಊದಿಕೊಳ್ಳುತ್ತಿದ್ದಳು. ಇಬ್ಬರೂ ನಡೆಯತೊಡಗಿದೆವು. ರೇಷನ್ ಅಂಗಡಿ ದಾಟಿದೆವು.

"ಎಷ್ಟ್ ಬೇಗ ಅಲ್ಲ ಅಂದ್ಬಿಟ್ಟೆ ನೀನು," ಅಂದಳು. "ಒಂಚೂರು ಯೋಚ್ನೆ ಮಾಡಿದ್ ಹಂಗಾದ್ರೂ ಮಾಡ್ಬಾರ್ದಿತ್ತಾ?"

"ಓಟು ಹೋಗ್ತಿತ್ತಲ್ಲೇ."

"ಹೋಗ್ತಿತ್ತು," ಅಂದಳು.

ಛತ್ರಕ್ಕೆ ತಿರುಗುವ ಮೂಲೆ ಬಂತು. ನಾನು ಎರಡು ಗಂಟೆಗೆ ಅಲ್ಲಿರಬೇಕಿತ್ತು. ರುಕ್ಕು ನಿಂತಳು, ಬೆರಳಿನ ಶಾಯಿ ಇನ್ನೂ ಒಣಗಿರಲಿಲ್ಲ, ಅದನ್ನು ನನ್ನ ಸೆರಗಿಗೆ ಚೆನ್ನಾಗಿ ಒತ್ತಿ ಒರೆಸಿಕೊಂಡು ಮನೆಯ ಕಡೆ ಹೊರಟುಹೋದಳು. ನನ್ನ ಹತ್ತಿರ ಇದ್ದ ಒಂದೇ ಒಳ್ಳೆಯ ಸೀರೆ ಅದು. ನಾನು ಅದರಲ್ಲೇ ಛತ್ರಕ್ಕೆ ಹೋದೆ.